ಹಣೆಬರಹ ನಂಬುವವರು ಯಾರು?

ಯಾದಗಿರಿ ಜಿಲ್ಲೆಯ ಬಗ್ಗೆ ಮಾತಾಡಲು ವೇದಿಕೆ ಹತ್ತಿದವರು ಸುತ್ತಿ ಬಳಸಿ ಒಂದೇ ಮಾತಿಗೆ ಬಂದು ನಿಲ್ಲುತ್ತಾರೆ. ಇಲ್ಲಿನ ಜನ ಎಲ್ಲವನ್ನೂ ಹಣೆಬರಹಕ್ಕೆ ಬಿಟ್ಟು ಕೂತಿದ್ದಾರೆ, ಅದಕ್ಕೇ ಹಿಂದುಳಿದಿದ್ದಾರೆ, ಮೊದಲು ಇವರ ಮನಸ್ಥಿತಿ ಬದಲಾಗಬೇಕು. ಜಿಲ್ಲಾಮಟ್ಟದ ಅಧಿಕಾರಿ ಇದನ್ನು ಮರುಕದಿಂದ ಹೇಳುತ್ತಾರೆ, ಬೆಂಗಳೂರಿನಿಂದ ಬಂದ ತರಬೇತುದಾರರು ಉತ್ಸಾಹದಿಂದ ಹೇಳುತ್ತಾರೆ. ಇದೇ ನೆಲದಲ್ಲಿ ಓದಿ ನೌಕರಿ ಹಿಡಿದು ಕಲಬುರಗಿಯಲ್ಲಿ ಮನೆ ಕಟ್ಟಿಸಿಕೊಂಡ ನಮ್ಮವರು ಸ್ವಲ್ಪ ನಾಚಿಕೆಯಿಂದ ಹೇಳುತ್ತಾರೆ. ಕೇಳಿ ಕೇಳಿ ಇದು ಎಷ್ಟು ಹಳತಾಗಿದೆಯೆಂದರೆ, ನಿಜವೋ ಸುಳ್ಳೋ ಎಂದು ಯಾರೂ ಕೇಳುವ ಗೋಜಿಗೇ ಹೋಗಿಲ್ಲ.

ಈ ಮಾತಿನ ಬೆನ್ನಿಗೆ ಅಂಕಿಗಳಿವೆ, ಅವನ್ನು ಬಚ್ಚಿಡುವ ಅಗತ್ಯ ನನಗಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ. 51.83, ಇಡೀ ರಾಜ್ಯದಲ್ಲಿ ಕೊನೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2023ರಲ್ಲೂ 2024ರಲ್ಲೂ ಕೊನೆಯ ಸ್ಥಾನ. ಅಂಕಿ ಸರಿಯಿದೆ. ಆದರೆ ಅಂಕಿಯಿಂದ ಜನರ ಎದೆಯೊಳಗಿನ ನಂಬಿಕೆಗೆ ಒಂದೇ ಜಿಗಿತಕ್ಕೆ ಹಾರುತ್ತಾರಲ್ಲ, ಆ ಜಿಗಿತದ ಮೇಲೆ ನನ್ನ ತಕರಾರು. ಯಾದಗಿರಿ, ಶಹಾಪುರ, ಸುರಪುರದ ಜನ ವಿಧಿವಾದಿಗಳಲ್ಲ. ಅವರನ್ನು ವಿಧಿವಾದಿಗಳು ಎನ್ನುವವರ ಮಾತಿನಲ್ಲೇ ವಿಧಿವಾದ ಕೂತಿದೆ.

ವಿಧಿವಾದ ಎಂದರೆ ಏನು ಎಂಬುದರಿಂದಲೇ ಶುರು ಮಾಡೋಣ. ಭಾರತದಲ್ಲಿ ಅದನ್ನು ಕಟ್ಟುನಿಟ್ಟಾಗಿ ಹೇಳಿದವನು ಬುದ್ಧನ ಕಾಲದ ಮಕ್ಖಲಿ ಗೋಸಾಲ, ಆಜೀವಿಕರ ಗುರು. ಆಗುವುದೆಲ್ಲ ನಿಯತಿಯಿಂದ ಆಗುತ್ತದೆ, ಮನುಷ್ಯಪ್ರಯತ್ನಕ್ಕೆ ಬಲವೇ ಇಲ್ಲ, ಪಾಪ ಮಾಡಿ ಕೆಡುವುದೂ ಇಲ್ಲ, ಪುಣ್ಯ ಮಾಡಿ ಉದ್ಧಾರವಾಗುವುದೂ ಇಲ್ಲ ಎಂದು ಅವನ ವಾದ. ಬುದ್ಧನಿಗೆ ಈ ವಾದ ಎಷ್ಟು ಹಿಡಿಸಲಿಲ್ಲವೆಂದರೆ, ಇದನ್ನು ಮನುಷ್ಯರ ಕೂದಲಿನಿಂದ ನೇಯ್ದ ಕಂಬಳಿಗೆ ಹೋಲಿಸಿದ: ಚಳಿಗಾಲದಲ್ಲಿ ತಣ್ಣಗೆ, ಬೇಸಿಗೆಯಲ್ಲಿ ಬಿಸಿ, ಮೇಲೆ ನಾತ. ಕಂಬಳಿ ನೇಯುವ ಹಾಲುಮತದವರ ಸೀಮೆಯಲ್ಲಿ ಈ ಮಾತಿಗೆ ವಿವರಣೆ ಬೇಕಾಗಲಾರದು. ಗ್ರೀಸಿನಲ್ಲೂ ಇಂಥದೇ ಒಂದು ತರ್ಕವಿತ್ತು. ಕಾಯಿಲೆ ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯನನ್ನು ಕರೆದರೂ ವಾಸಿಯಾಗುತ್ತದೆ, ಕರೆಯದಿದ್ದರೂ ವಾಸಿಯಾಗುತ್ತದೆ. ಹಾಗಾದರೆ ಯಾಕೆ ಕರೆಯಬೇಕು? ಇದಕ್ಕೆ ಅವರೇ ಇಟ್ಟ ಹೆಸರು ಸೋಮಾರಿ ತರ್ಕ. ಸ್ತೋಯಿಕ ಪಂಥದ ಕ್ರಿಸಿಪ್ಪಸ್ ಕೊಟ್ಟ ಉತ್ತರವನ್ನು ರೋಮಿನ ಸಿಸೆರೊ ದಾಖಲಿಸಿದ್ದಾನೆ. ವಾಸಿಯಾಗುವುದು ವಿಧಿಯಲ್ಲಿದ್ದರೆ ವೈದ್ಯನನ್ನು ಕರೆಯುವುದೂ ಅದರ ಜೊತೆಗೇ ವಿಧಿಯಲ್ಲಿರುತ್ತದೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಗೋಸಾಲನ ಮಾತನ್ನು ನಿಜವಾಗಿ ನಂಬಿದ ಒಂದು ಊರಿದ್ದರೆ ಅದು ಹೇಗಿರಬೇಕು? ಅಲ್ಲಿ ಬೋರ್‌ವೆಲ್ ಕೊರೆಸುವವರು ಇರಬಾರದು. ಹತ್ತಿಗೆ ಔಷಧ ಹೊಡೆಯಬಾರದು. ತಲಾಟಿ ಕಚೇರಿಗೆ ಅಲೆಯಬಾರದು. ಮುಖ್ಯವಾಗಿ, ಅಲ್ಲಿ ಯಾರೂ ಹರಕೆ ಹೊರಬಾರದು.

ಹರಕೆಯ ವಿಷಯ ನೋಡಿ. ವಿಧಿವಾದಕ್ಕೆ ಸಾಕ್ಷಿಯೆಂದು ಎಲ್ಲರೂ ಬೆರಳು ತೋರಿಸುವುದು ಇದಕ್ಕೇ. ಮೈಲಾಪುರದ ಮಲ್ಲಯ್ಯನ ಜಾತ್ರೆ, ತಿಂಥಣಿಯ ಮೌನಪ್ಪಯ್ಯನ ಸನ್ನಿಧಿ, ಗೋಗಿಯ ದರ್ಗಾ. ಸಂಕ್ರಾಂತಿಗೆ ಮೈಲಾಪುರದಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಪದ್ಧತಿಯನ್ನು ಜಿಲ್ಲಾಡಳಿತ ನಿಷೇಧಿಸಿದೆ, ಪ್ರತಿ ವರ್ಷ ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ನಿಷೇಧ ಸರಿಯೇ, ಮೂಕಪ್ರಾಣಿಯ ಪಾಡು ಯಾರ ಹರಕೆಗಿಂತಲೂ ದೊಡ್ಡದು. ಆದರೆ ಮರಿಯನ್ನು ಹೆಗಲ ಮೇಲೆ ಹೊತ್ತು ಬಂದ ಆ ಕುರಿಗಾರ ಏನು ನಂಬಿದ್ದಾನೆ? ಹಿಂಡಿಗೆ ಬರುವ ರೋಗ ತಡೆಯಬಹುದು, ಅದಕ್ಕೆ ತಾನು ಒಂದು ಬೆಲೆ ತೆರಬೇಕು ಎಂದು ನಂಬಿದ್ದಾನೆ. ಹರಕೆ ಎಂದರೆ ಚೌಕಾಸಿ. ಆಗುವುದು ಆಗಿಯೇ ತೀರುತ್ತದೆ ಎಂದುಕೊಂಡವನು ಚೌಕಾಸಿಗೆ ಯಾಕೆ ಬರುತ್ತಾನೆ? ಕಾರ್ಯಕಾರಣದ ಬಗ್ಗೆ ಅವನ ತಿಳಿವಳಿಕೆ ತಪ್ಪಿರಬಹುದು. ಅದನ್ನು ಮೂಢನಂಬಿಕೆ ಎನ್ನಿ, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಮೂಢನಂಬಿಕೆಯ ತಪ್ಪು ಬೇರೆ, ವಿಧಿವಾದದ ತಪ್ಪು ಬೇರೆ. ಒಬ್ಬ ಇಲ್ಲದ ಕಾರಣವನ್ನೂ ಇದೆ ಎಂದು ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ಇರುವ ಕಾರಣವನ್ನೂ ಕೈಬಿಡುತ್ತಾನೆ. ಒಂದೇ ಭಾಷಣದಲ್ಲಿ ಒಬ್ಬನೇ ಮನುಷ್ಯನ ಮೇಲೆ ಎರಡೂ ಆಪಾದನೆ ಹೊರಿಸುವವರು ಯಾವುದಾದರೂ ಒಂದನ್ನು ಆಯ್ದುಕೊಂಡರೆ ಒಳ್ಳೆಯದು.

ಹರಕೆಯಿಂದ ನೀರಿನ ವಿಷಯಕ್ಕೆ, ಭೀಮರಾಯನಗುಡಿಗೆ ಬನ್ನಿ. ಶಹಾಪುರದ ಪಕ್ಕದ ಈ ಊರಿನಲ್ಲಿ ಕೃಷ್ಣಾ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿ ಇದೆ. ನಾರಾಯಣಪುರದ ಬಸವಸಾಗರದಿಂದ ಹೊರಟ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ದಾಟಿ ಹೋಗುತ್ತದೆ. ಮೇಲ್ಭಾಗದಲ್ಲಿ ಭತ್ತ ಹಚ್ಚಿದವರ ಗದ್ದೆ ತುಂಬಿ ಹರಿಯುತ್ತದೆ, ಕೊನೆಭಾಗದ ರೈತನ ಮೆಣಸಿನಕಾಯಿ ಹೊಲಕ್ಕೆ ಬರುವಷ್ಟರಲ್ಲಿ ಕಾಲುವೆ ಒಣಗಿರುತ್ತದೆ. ಸರದಿಯಂತೆ ನೀರು ಬಿಡುವ ವಾರಾಬಂದಿ ಎಷ್ಟು ದಿನ, ನೀರು ಯಾವ ತಾರೀಖಿನವರೆಗೆ ಎಂಬುದರ ಮೇಲೆ ಹಂಗಾಮು ಹಂಗಾಮಿಗೂ ಜಗಳ. ರೈತರು ಕಚೇರಿಗೆ ಮುತ್ತಿಗೆ ಹಾಕುತ್ತಾರೆ, ರಸ್ತೆ ತಡೆಯುತ್ತಾರೆ, ನೀರಾವರಿ ಸಲಹಾ ಸಮಿತಿಯ ಸಭೆ ಕರೆಯಿರಿ ಎಂದು ಪಟ್ಟು ಹಿಡಿಯುತ್ತಾರೆ. ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು, ಬಚಾವತ್ ನ್ಯಾಯಮಂಡಳಿ ಎಪ್ಪತ್ತರ ದಶಕದಲ್ಲೇ ಕರ್ನಾಟಕಕ್ಕೆ ಕೃಷ್ಣೆಯ 700 ಟಿಎಂಸಿ ನೀರು ಎಂದು ಹೇಳಿಯಾಗಿತ್ತು. ಅಡಿಗಲ್ಲು ಬಿದ್ದು ಅರವತ್ತು ವರ್ಷ ದಾಟಿದರೂ ಯೋಜನೆಯ ಕೊನೆಯ ಹಂತ ಮುಗಿದಿಲ್ಲ. ಇದರಲ್ಲಿ ವಿಧಿಗೆ ಬಿಟ್ಟು ಕೂತವರು ಯಾರು, ರಸ್ತೆಗಿಳಿದವರು ಯಾರು?

ನೀರು ಸಿಗದವರು ಕೈಕಟ್ಟಿ ಕೂಡುವುದೂ ಇಲ್ಲ. ಸುಗ್ಗಿ ಮುಗಿದರೆ ತಾಂಡಾಗಳು ಅರ್ಧ ಖಾಲಿ. ಬೆಂಗಳೂರು, ಪುಣೆ, ಮುಂಬೈ, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ದುಡಿಯಾಕ ಹೋಗುತ್ತಾರೆ. ಗುರುತಿಲ್ಲದ ಊರಿನಲ್ಲಿ ತಗಡಿನ ಶೆಡ್ಡಿನೊಳಗೆ ಸಂಸಾರ ಹೂಡಿ, ಮುಂಗಡ ತೀರಿಸಿ, ಮತ್ತೆ ಬಿತ್ತನೆಗೆ ಊರಿಗೆ ಬರುವವನ ಎದುರು ನಿಂತು, ನಿನ್ನಲ್ಲಿ ಪ್ರಯತ್ನಶೀಲತೆ ಇಲ್ಲ ಎನ್ನಲು ಭಾರೀ ಧೈರ್ಯ ಬೇಕು.

ಹಾಗಾದರೆ ‘ನಮ್ಮ ಹಣೇಬಾರರೀ’ ಎಂಬ ಮಾತು ಇಲ್ಲಿ ಕೇಳಿಬರುವುದಿಲ್ಲವೆ? ದಿನಕ್ಕೆ ಹತ್ತು ಸಲ ಕೇಳುತ್ತದೆ. ಆದರೆ ಅದು ಕೇಳುವುದು ಯಾವಾಗ ಎಂಬುದನ್ನು ಗಮನಿಸಬೇಕು. ಬಿತ್ತುವ ಮುಂಚೆ ಯಾರೂ ಅದನ್ನು ಹೇಳುವುದಿಲ್ಲ. ತೊಗರಿಗೆ ನೆಟೆ ರೋಗ ಬಂದು ಹೊಲ ಒಣಗಿದ ಮೇಲೆ, ಮೂರನೇ ಬೋರಿನಲ್ಲೂ ಧೂಳು ಎದ್ದ ಮೇಲೆ, ಸತ್ತವರನ್ನು ಮಣ್ಣು ಮಾಡಿ ಬಂದ ಮೇಲೆ ಹೇಳುತ್ತಾರೆ. ಮಾಡುವುದೆಲ್ಲ ಮಾಡಿ ಮುಗಿದ ನಂತರ, ತನ್ನನ್ನು ತಾನು ಹಳಿದುಕೊಂಡು ಸಾಯದಿರಲು ಮನುಷ್ಯ ಹುಡುಕಿಕೊಂಡ ದಾರಿ ಅದು. ನಾಲ್ಕು ಜನ ಕೂತು ‘ಹಣೆಬರಹ, ಏನು ಮಾಡಾಕ ಬರತೈತಿ’ ಎಂದರೆ, ನಿನ್ನ ತಪ್ಪಲ್ಲ ಎಂದು ಅರ್ಥ. ಮರುದಿನ ಅದೇ ನಾಲ್ವರು ಬೆಳೆವಿಮೆಯ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ದುಃಖದ ಹೊತ್ತಿನ ಮಾತನ್ನು ಎತ್ತಿಕೊಂಡು ಅದನ್ನೇ ಅವರ ತತ್ವಶಾಸ್ತ್ರ ಎಂದು ವರದಿಗೆ ಬರೆದುಕೊಳ್ಳುವುದು ಕೇಳಿಸಿಕೊಳ್ಳಲು ಬಾರದವರ ಕೆಲಸ.

ಈ ಭಾಗದ ಜನರ ವಿಧಿಭಕ್ತಿಗೆ ಪುರಾವೆಯಾಗಿ ಒಂದು ಚರಿತ್ರೆಯ ಕಥೆಯನ್ನೂ ಮುಂದಿಡುತ್ತಾರೆ. ಅದನ್ನು ಬಿಚ್ಚಿ ನೋಡದೆ ಈ ಚರ್ಚೆ ಮುಗಿಯುವುದಿಲ್ಲ. ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪ ನಾಯಕರ ಜಾತಕದ ಕಥೆ ಅದು.

ತಂದೆ ತೀರಿಕೊಂಡಾಗ ವೆಂಕಟಪ್ಪ ನಾಯಕ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮ. ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವನು ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಅಲ್ಲಿದ್ದ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಗುಡ್ಡದ ಮೇಲಿದೆ. ಹುಡುಗ ಅವನನ್ನು ಅಪ್ಪಾ ಎನ್ನುತ್ತಿದ್ದ. ಮುಂದೆ 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ದೊರೆ ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಇಳಿಸಿ, ಕೊನೆಗೆ ನಾಲ್ಕು ವರ್ಷದ ಸೆರೆವಾಸ ಎಂದಾಯಿತು. ಸೆರೆಗೆ ಸಾಗಿಸುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ದೊರೆ ತೀರಿಕೊಂಡರು. ತಾವೇ ಹಾರಿಸಿಕೊಂಡರು ಎಂಬುದು ದಾಖಲೆಯ ಮಾತು. ಅಲ್ಲ, ಕೊಂದರು ಎನ್ನುವವರೂ ಸುರಪುರದಲ್ಲಿದ್ದಾರೆ.

ಟೇಲರ್ ಸತ್ತ ಮರುವರ್ಷ, 1877ರಲ್ಲಿ, ಅವನ ಆತ್ಮಕಥೆ ಅಚ್ಚಾಯಿತು. ಅದರಲ್ಲಿ ಒಂದು ಪ್ರಸಂಗ. ಈ ಹುಡುಗ ಇಪ್ಪತ್ನಾಲ್ಕನೇ ವರ್ಷ ಮುಗಿಸುವುದಿಲ್ಲ ಎಂದು ಜಾತಕ ಬರೆದ ಆಸ್ಥಾನದ ಪುರೋಹಿತ ತನಗೆ ಹಿಂದೆಯೇ ಹೇಳಿದ್ದ, ಶಿಕ್ಷೆ ಇಳಿದಾಗ ಭವಿಷ್ಯ ಸುಳ್ಳಾಯಿತೆಂದು ತಾನು ಸಮಾಧಾನಪಟ್ಟೆ, ಅಷ್ಟರಲ್ಲಿ ಸಾವಿನ ಸುದ್ದಿ ಬಂತು. ಎಂಥ ಕಥೆ! ಓದಿದವರ ಮೈ ಜುಮ್ಮೆನ್ನುತ್ತದೆ. ಪೂರ್ವದೇಶದವರ ಬಾಳು ಹೀಗೆ, ಜಾತಕದ ಹಗ್ಗ ಎಳೆದ ಕಡೆ ಹೋಗುತ್ತದೆ ಎಂಬ ತೀರ್ಮಾನಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇಕೆ?

ಸ್ವಲ್ಪ ತಡೆಯಿರಿ. ಈ ಭವಿಷ್ಯ ಮೊದಲೇ ನುಡಿದದ್ದು ಎನ್ನಲು ಸಾಕ್ಷಿ ಯಾರು? ಟೇಲರ್ ಒಬ್ಬನೇ. ಬರೆದದ್ದು ಯಾವಾಗ? ಎಲ್ಲ ಮುಗಿದ ಮೇಲೆ. ಟೇಲರ್ ವೃತ್ತಿಯಿಂದ ಆಡಳಿತಗಾರ, ಪ್ರವೃತ್ತಿಯಿಂದ ಕಾದಂಬರಿಕಾರ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಅವನು 1839ರಲ್ಲೇ ಪ್ರಕಟಿಸಿದ ಕಾದಂಬರಿಯನ್ನು ಇಂಗ್ಲೆಂಡ್ ಮುಗಿಬಿದ್ದು ಓದಿತ್ತು. ಅವನು ಸುಳ್ಳು ಹೇಳಿದ ಎನ್ನುತ್ತಿಲ್ಲ, ಸುರಪುರದ ಮೇಲೆ ಅವನಿಗಿದ್ದ ಅಕ್ಕರೆ ಪುಟಪುಟದಲ್ಲೂ ಕಾಣುತ್ತದೆ. ಆದರೆ ಜ್ಞಾನದ ಲೆಕ್ಕದಲ್ಲಿ ಇದರ ತೂಕ ಎಷ್ಟು? ಆ ಕಾಲದ ಅರಮನೆಗಳಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಜಾತಕ ಇತ್ತು, ಗಂಡಾಂತರದ ವರ್ಷಗಳ ಪಟ್ಟಿ ಇತ್ತು. ಆ ವರ್ಷ ದಾಟಿ ಬದುಕಿ ಮೊಮ್ಮಕ್ಕಳನ್ನು ಕಂಡವರ ಜಾತಕದ ಬಗ್ಗೆ ಯಾವ ಸಾಹೇಬನೂ ಆತ್ಮಕಥೆಯಲ್ಲಿ ಬರೆಯಲಿಲ್ಲ.

ಇನ್ನೂ ದೊಡ್ಡ ಮಾತು ಅದೇ ಪುಸ್ತಕದಲ್ಲಿದೆ. ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಸೆರೆಯಲ್ಲಿದ್ದ ದೊರೆ ತನ್ನೊಡನೆ ಆಡಿದ ಮಾತನ್ನು ಟೇಲರ್ ಬರೆದಿಟ್ಟಿದ್ದಾನೆ. ಸೆರೆವಾಸಕ್ಕಿಂತ, ಕಡಲಾಚೆಯ ಗಡೀಪಾರಿಗಿಂತ ಸಾವೇ ಲೇಸು. ಕಡುಬಡವ ಬೇಡನೂ ಅಂಥ ಬಾಳು ಬಾಳಲಾರ, ದೊರೆಯಾದ ತಾನು ಹೇಗೆ ಬಾಳಲಿ ಎಂಬ ಅರ್ಥದ ಮಾತು. ಟೇಲರ್ ಹೇಳಿದ್ದನ್ನೇ ನಂಬುವುದಾದರೆ ಇಲ್ಲೊಬ್ಬ ಮನುಷ್ಯ ತನ್ನ ಮುಂದಿನ ಎರಡು ದಾರಿಯನ್ನು ತೂಗಿ, ತನಗೆ ಯಾವುದು ಒಲ್ಲದು ಎಂದು ಕಾರಣಸಮೇತ ಹೇಳಿ, ಅವಕಾಶ ಸಿಕ್ಕಿದ ಗಳಿಗೆಯಲ್ಲಿ ಹೇಳಿದ್ದನ್ನು ಮಾಡಿದ್ದಾನೆ. ಇದು ಸಂಕಲ್ಪ. ಸರಿಯೋ ತಪ್ಪೋ ಬೇರೆ ಪ್ರಶ್ನೆ. ಆದರೆ ಕಣ್ಣಮುಂದೆ ಇಷ್ಟು ಸ್ಪಷ್ಟವಾದ ಕಾರಣ ಇರುವಾಗ ಗ್ರಹಗತಿಗೆ ಇಲ್ಲಿ ಮಾಡಲು ಕೆಲಸವೇನು ಉಳಿಯಿತು? ಗುಂಡಿನ ಸದ್ದಿನಲ್ಲಿ ನಕ್ಷತ್ರದ ಮಾತನ್ನು ಕೇಳಿಸಿಕೊಂಡವನು ಬೇಡರ ದೊರೆಯಲ್ಲ, ಲಿವರ್‌ಪೂಲಿನಲ್ಲಿ ಹುಟ್ಟಿದ ಸಾಹೇಬ. ಮೇಲಾಗಿ, ಇಪ್ಪತ್ನಾಲ್ಕಕ್ಕೆ ಸಾಯುತ್ತೇನೆ ಎಂದು ನಂಬಿ ಕೂತವನು ದಂಡು ಕಟ್ಟಿ ದಂಗೆ ಏಳುತ್ತಿದ್ದನೇ ಎಂಬುದನ್ನೂ ಯೋಚಿಸಬೇಕು. ಈ ಮನೆತನದವರು 1705ರಲ್ಲಿ ವಾಗಿನಗೇರಿಯಲ್ಲಿ ಮುಪ್ಪಿನ ಔರಂಗಜೇಬನ ಇಡೀ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದವರು. ವಿಧಿಗೆ ತಲೆಬಾಗುವ ಅಭ್ಯಾಸವನ್ನು ಅವರಿಗೆ ಅಂಟಿಸುವುದು ಅಷ್ಟು ಸುಲಭವಲ್ಲ.

ಈಗಿನ ಜಾತಕಗಳ ಕಡೆ ಬರುತ್ತೇನೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟಿತು. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿವೆ. ಸಮಿತಿ ಮಾಡಿದ್ದು ವೈದ್ಯನ ಕೆಲಸ. ರೋಗ ಎಲ್ಲಿದೆ, ಯಾವ ಕಾರಣಕ್ಕೆ ಬಂತು, ಎಂಟು ವರ್ಷದಲ್ಲಿ ಎಷ್ಟು ಹಣ ಸುರಿದರೆ ವಾಸಿಯಾದೀತು ಎಂದು ಬರೆದುಕೊಟ್ಟಿತು. ನಮ್ಮ ಆಡಳಿತ ಆ ಚೀಟಿಯನ್ನು ಕುಂಡಲಿಯ ಹಾಗೆ ಓದಿಕೊಂಡಿತು. ‘ಅತ್ಯಂತ ಹಿಂದುಳಿದ’ ಎಂಬುದು ಮಾಡಬೇಕಾದ ಕೆಲಸದ ಪಟ್ಟಿಯಾಗುವ ಬದಲು ಊರಿನ ಸ್ವಭಾವವಾಗಿ ಕೂತುಬಿಟ್ಟಿತು. ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರು ಇಲ್ಲವೆ? ಹಿಂದುಳಿದ ತಾಲ್ಲೂಕು, ಇರುವುದೇ ಹಾಗೆ. ಆಸ್ಪತ್ರೆಯಲ್ಲಿ ಹೆರಿಗೆ ವೈದ್ಯರಿಲ್ಲವೆ? ಹಿಂದುಳಿದ ತಾಲ್ಲೂಕು, ಯಾರು ಬರುತ್ತಾರೆ. ಯಾವುದನ್ನು ವಿವರಿಸಬೇಕಿತ್ತೋ ಅದನ್ನೇ ವಿವರಣೆಯಾಗಿ ಬಳಸುವ ಈ ತಂತ್ರಕ್ಕೂ ಸೋಮಾರಿ ತರ್ಕಕ್ಕೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ.

ಎಸ್ಸೆಸ್ಸೆಲ್ಸಿಯ ಪಟ್ಟಿಯಂತೂ ಪ್ರತಿ ವರ್ಷದ ಪಂಚಾಂಗಶ್ರವಣವಾಗಿದೆ. 2023ರಲ್ಲಿ ಚಿತ್ರದುರ್ಗ ಶೇ. 96.80 ಪಡೆದು ಮೊದಲ ಸ್ಥಾನದಲ್ಲಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಚಿತ್ರದುರ್ಗ 21ನೇ ಸ್ಥಾನಕ್ಕೆ ಜಾರಿತು. ಕೃಪಾಂಕ ಹಂಚಿದ ಮೇಲೂ ಇಡೀ ರಾಜ್ಯದ ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಆ ಜಿಲ್ಲೆಯ ಮಕ್ಕಳ ಬುದ್ಧಿ ಕರಗಿಹೋಯಿತೆ? ಇಲ್ಲ, ಅಳತೆಗೋಲು ಅಳೆಯುತ್ತಿದ್ದದ್ದೇ ಬೇರೆ ಏನನ್ನೋ. ಯಾದಗಿರಿ ಎರಡು ವರ್ಷವೂ ಕೊನೆಯಲ್ಲೇ ಇತ್ತು, ಶೇ. 75.49ರಿಂದ 50.59ಕ್ಕೆ ಬಿತ್ತು, ಅದನ್ನು ಮರೆಮಾಚಿ ವಾದ ಗೆಲ್ಲುವ ಆಸೆ ನನಗಿಲ್ಲ. ಮಕ್ಕಳಿಗೆ ಕಲಿಕೆ ದಕ್ಕಿಲ್ಲ ಎಂಬುದು ನಿಜ. ಆದರೆ ಈ ಸಂಖ್ಯೆ ಶಿಕ್ಷಕರ ಹುದ್ದೆಗಳ ಬಗ್ಗೆ, ಅಪ್ಪ ಅಮ್ಮನ ಜೊತೆ ದುಡಿಯಲು ಹೋಗಿ ಅರ್ಧ ವರ್ಷ ಶಾಲೆ ತಪ್ಪಿಸಿಕೊಂಡ ಮಗುವಿನ ಬಗ್ಗೆ, ಹತ್ತಿ ಬಿಡಿಸುವ ಹಂಗಾಮಿನ ಹಾಜರಿಪುಸ್ತಕದ ಬಗ್ಗೆ ನಮ್ಮನ್ನು ವಿಚಾರಿಸಲು ಕಳಿಸಬೇಕಿತ್ತು. ಕಳಿಸಿದ್ದು ಮನಸ್ಥಿತಿಯ ಭಾಷಣಕ್ಕೆ.

ಮನಸ್ಥಿತಿ ಎಂಬ ಈ ಹೊಸ ದೇವರ ಬಗ್ಗೆ ಒಂದು ಮಾತು. ಹಳೆಯ ಕರ್ಮಸಿದ್ಧಾಂತವನ್ನು ವಿಚಾರವಂತರು ಬಯ್ಯುವುದು ಯಾಕೆ? ನೊಂದವನ ನೋವಿಗೆ ನೊಂದವನನ್ನೇ ಹೊಣೆ ಮಾಡುತ್ತದೆ ಎಂದು. ನೀನು ಬಡವ, ಯಾಕೆಂದರೆ ಹಿಂದಿನ ಜನ್ಮದಲ್ಲಿ ಏನೋ ಮಾಡಿದ್ದೆ. ಈಗ ಹೇಳುವುದು, ನೀನು ಬಡವ, ಯಾಕೆಂದರೆ ನಿನ್ನ ತಲೆಯೊಳಗೆ ಏನೋ ಸರಿಯಿಲ್ಲ. ಹಿಂದಿನ ಜನ್ಮವನ್ನೂ ಪರೀಕ್ಷಿಸಲಾಗದು, ತಲೆಯ ಒಳಗನ್ನೂ ಪರೀಕ್ಷಿಸಲಾಗದು. ಎರಡರಲ್ಲೂ ಕಾಲುವೆಯ ಎಂಜಿನಿಯರ್, ಬಜೆಟ್, ಖಾಲಿ ಹುದ್ದೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಈ ನೆಲ ನಿಜಾಮನ ಕೈಯಲ್ಲಿತ್ತು. ಆಡಳಿತದ ಭಾಷೆ ಉರ್ದು, ಕನ್ನಡ ಶಾಲೆ ಬೆರಳೆಣಿಕೆ. ಮೈಸೂರಿನ ಮಗುವಿನ ಅಜ್ಜ ಓದಿದ ಕಾಲಕ್ಕೆ ಇಲ್ಲಿನ ಮಗುವಿನ ಅಜ್ಜನಿಗೆ ಶಾಲೆ ಇರಲಿಲ್ಲ ಎಂಬುದಕ್ಕೆ ಯಾವ ಮನಸ್ಥಿತಿ ಕಾರಣ?

ಪ್ರಯತ್ನದ ಪಾಠವನ್ನು ಹೊರಗಿನಿಂದ ತರಬೇಕೆಂಬ ಹಮ್ಮಿಗೂ ಇಲ್ಲಿ ಆಧಾರವಿಲ್ಲ. ಕೃಷ್ಣೆ ದಾಟಿದರೆ ಸಿಗುವ ಮಸ್ಕಿಯಲ್ಲಿ 1915ರಲ್ಲಿ ಕಂಡುಬಂದ ಬಂಡೆಶಾಸನ ಅಶೋಕನ ಹೆಸರಿನಿಂದ ಪ್ರಸಿದ್ಧ. ಅದರಲ್ಲಿ ಹೇಳಿರುವುದೇನೆಂಬುದನ್ನು ಮಾತ್ರ ನಾವು ಮಕ್ಕಳಿಗೆ ಹೇಳುವುದಿಲ್ಲ. ಎತ್ತರದ ಗುರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ಅದು ದಕ್ಕುತ್ತದೆ ಎಂಬುದು ಅದರ ತಿರುಳು. ನೇಕಾರ ದೇವರ ದಾಸಿಮಯ್ಯನ ಮುದನೂರು ಇರುವುದು ಸುರಪುರ ಸೀಮೆಯಲ್ಲಿ. ಹುಟ್ಟಿನಿಂದ ಬಂದದ್ದೇ ಕೊನೆಯಲ್ಲ ಎಂಬ ವಚನಕಾರರ ವಾದ ಬಸವಣ್ಣನಿಗಿಂತ ಮುಂಚೆಯೇ ಇಲ್ಲಿ ಮಗ್ಗದ ಮುಂದೆ ಶುರುವಾಗಿತ್ತು. ಕಾಲಜ್ಞಾನಕ್ಕೆ ಹೆಸರಾದ ಕೊಡೇಕಲ್ಲು ಕೂಡ ಇಲ್ಲಿಯದೇ. ಅದನ್ನೂ ವಿಧಿವಾದದ ಖಾತೆಗೆ ಜಮಾ ಮಾಡುವವರಿದ್ದಾರೆ. ಆದರೆ ಕಾಲಜ್ಞಾನದ ಪರಂಪರೆ ಮುಂದೆ ಬರುವ ಕೇಡನ್ನು ಹೇಳುವುದು ಕೇಳಿದವನು ಎಚ್ಚರಗೊಳ್ಳಲಿ ಎಂದು. ತಪ್ಪಿಸಲಾಗದ್ದನ್ನು ಎಚ್ಚರಿಸಿ ಏನು ಪ್ರಯೋಜನ?

ಎದುರು ಪಕ್ಷದ ಅತಿ ಗಟ್ಟಿ ವಾದ ಒಂದಿದೆ. ಹಾವು ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ಯದೆ ಗುಡಿಗೆ ಒಯ್ಯುತ್ತಾರಲ್ಲ, ಹದಿನೈದರ ಹುಡುಗಿಗೆ ಮದುವೆ ಮಾಡುತ್ತಾರಲ್ಲ, ಅದಕ್ಕೇನು ಹೇಳುತ್ತೀರಿ? ಅದು ಅನ್ಯಾಯ ಎನ್ನುತ್ತೇನೆ. ಮಗು ಸತ್ತರೆ ಹಣೆಬರಹ ಎಂಬ ಸಮಾಧಾನ ಅಲ್ಲಿ ಸಲ್ಲುವುದಿಲ್ಲ. ಆದರೆ ಕಾರಣ ಬೇರೆ. ಯಾರ ಮಾತನ್ನು ನಂಬಬೇಕು ಎಂಬುದು ಜ್ಞಾನದ ಬಹುದೊಡ್ಡ ಪ್ರಶ್ನೆ. ವಿಷಕ್ಕೆ ಯಾವ ಔಷಧ ಎಂದು ನಾನೂ ನೀವೂ ಸ್ವಂತ ಪರೀಕ್ಷೆ ಮಾಡಿ ತಿಳಿದವರಲ್ಲ, ನಾವು ನಂಬುವವರ ಮಾತು ಕೇಳಿದವರು. ಆ ನಂಬಿಕೆ ಅನುಭವದಿಂದ ಬೆಳೆಯುತ್ತದೆ. ರಾತ್ರಿ ಹನ್ನೆರಡಕ್ಕೆ ಬಾಗಿಲು ತೆರೆದಿದ್ದ, ಔಷಧ ದಾಸ್ತಾನಿದ್ದ, ಬೈಯದೆ ಮಾತಾಡಿಸಿದ ಆಸ್ಪತ್ರೆಯನ್ನು ಎರಡು ಸಲ ಕಂಡವನು ಮೂರನೇ ಸಲ ಗುಡಿಗೆ ಹೋದರೂ ದಾರಿಯಲ್ಲಿ ಕೈಮುಗಿದು ಮುಂದೆ ಆಸ್ಪತ್ರೆಗೇ ಹೋಗುತ್ತಾನೆ. ಬೀಗ ಹಾಕಿದ ಬಾಗಿಲನ್ನೇ ಎರಡು ಸಲ ಕಂಡವನು ಗುಡಿಗೆ ಹೋದರೆ ಅವನು ಕೈಚೆಲ್ಲಿ ಕೂತವನಲ್ಲ, ತನಗೆ ಗೊತ್ತಿರುವ ತೆರೆದ ಬಾಗಿಲಿಗೆ ಓಡಿದವನು. ಬಾಲ್ಯವಿವಾಹವೂ ಹಾಗೆಯೇ. ವಲಸೆ ಹೋಗುವ ತಂದೆತಾಯಿ ಬೆಳೆದ ಮಗಳನ್ನು ಯಾರ ಬಳಿ ಬಿಟ್ಟು ಹೋಗುವುದೆಂದು ಲೆಕ್ಕ ಹಾಕಿ ಮಾಡುವ ತಪ್ಪು ಅದು. ಲೆಕ್ಕ ಕ್ರೂರವಾಗಿದೆ, ಹುಡುಗಿಯನ್ನು ಕೇಳದೆ ಹಾಕಿದ್ದು. ಪಕ್ಕದಲ್ಲಿ ಒಳ್ಳೆಯ ವಸತಿಶಾಲೆ ಇದ್ದರೆ ಬದಲಾಗುವ ಲೆಕ್ಕ ಕೂಡ. ತಪ್ಪು ಲೆಕ್ಕವನ್ನು ಸರಿಪಡಿಸಬಹುದು. ಅದನ್ನು ಸ್ವಭಾವ ಎಂದು ಕರೆದರೆ ಸರಿಪಡಿಸುವ ಹೊಣೆಯಿಂದ ನಾವು ಪಾರಾಗುತ್ತೇವೆ, ಅಷ್ಟೇ.

ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ಕಲಂ ಬಂದ ದಾರಿಯನ್ನು ನೆನೆಯಿರಿ. ಕೇಂದ್ರ ಒಮ್ಮೆ ಆಗದು ಎಂದು ತಳ್ಳಿಹಾಕಿದ ಬೇಡಿಕೆ ಅದು. ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಬೀದಿಯಲ್ಲಿ ನಿಂತು ಸಂವಿಧಾನಕ್ಕೇ 98ನೇ ತಿದ್ದುಪಡಿ ಮಾಡಿಸಿದರು. ವಿಧಿವಾದಿಗಳ ನಾಡಿನಲ್ಲಿ ಹುಟ್ಟಿದ ಚಳವಳಿ! ಆ ಕಲಮಿನಡಿ ಬಂದ ಆದೇಶದ ಪ್ರಕಾರ ಈ ಭಾಗದ ಸರ್ಕಾರಿ ಕಚೇರಿಗಳ ‘ಸಿ’ ವೃಂದದ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ಮೀಸಲು ಇದ್ದರೂ ಭರ್ತಿ ಮಾಡುವವರು ಬೇಕಲ್ಲ.

ಇನ್ನು ಯಾದಗಿರಿಗೆ ವರ್ಗವಾದ ನೌಕರನ ಮಾತು ಕೇಳಿ. ಆದೇಶ ಕೈಗೆ ಬಂದ ದಿನ ಅವನು ಆಡುವ ಮೊದಲ ಮಾತು, ‘ನನ್ನ ಹಣೆಬರಹ’. ಸರ್ಕಾರದಲ್ಲಿ ಈ ಜಿಲ್ಲೆಯ ವರ್ಗಾವಣೆಗೆ ಶಿಕ್ಷೆ ಎಂದೇ ಹೆಸರು. ಬಂದು ಹಾಜರಾಗಿ ಮನಸ್ಥಿತಿ ಬದಲಾವಣೆಯ ಕಾರ್ಯಾಗಾರವನ್ನು ಉದ್ಘಾಟಿಸುವವನೂ ಇವನೇ. ಹಾಗೆಂದು ಇವನೂ ನಿಜವಾದ ವಿಧಿವಾದಿಯಲ್ಲ. ಸಂಜೆಯೊಳಗೆ ಬೇರೆ ಕಡೆ ವರ್ಗ ಮಾಡಿಸಿಕೊಡಬಲ್ಲ ಶಾಸಕ ಯಾರು, ಯಾವ ಸಚಿವರ ಆಪ್ತ ಕಾರ್ಯದರ್ಶಿಯನ್ನು ಕಾಣಬೇಕು ಎಂದು ವಿಚಾರಿಸಿ ಅರ್ಜಿ ಬರೆದಿರುತ್ತಾನೆ, ಹಲವು ಸಲ ಕೆಲಸವೂ ಆಗುತ್ತದೆ. ಅವನು ಬಿಟ್ಟುಹೋದ ಕುರ್ಚಿ ಮಾತ್ರ ಖಾಲಿ ಉಳಿಯುತ್ತದೆ, ಅದರ ಮುಂದೆ ಬೆಳೆವಿಮೆಯ ಕಾಗದ ಹಿಡಿದವರ ಸಾಲು ನಿಂತಿರುತ್ತದೆ.